ಕವರ್ ಬಿಚ್ಚಿದ ಗಾಡಿ ಇನ್ನು ಅದೇ ಸಂಜೆ ಸಿಗುವುದಿಲ್ಲ

ನಮ್ಮ ಗ್ಯಾರೇಜಿಗೆ ಗಾಡಿ ತರುವ ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಕ್ಲಚ್ ಪ್ಲೇಟು ಹಾಕಲು ಗಾಡಿ ಬಿಟ್ಟು, ಶಿರಸಿ ಪೇಟೆಯ ಕೆಲಸ ಮುಗಿಸಿ, ಸಂಜೆ ಅದೇ ಗಾಡಿ ಹತ್ತಿ ಮನೆಗೆ ಹೋಗುವುದು ನಿಮ್ಮಲ್ಲಿ ಅನೇಕರ ರೂಢಿ. ಇನ್ನು ಮುಂದೆ ಅದು ಆಗುವುದಿಲ್ಲ. ಎಂಜಿನ್ನಿನ ಬಲಗಡೆಯ ಕ್ಲಚ್ ಕವರಾಗಲಿ, ಎಡಗಡೆಯ ಮ್ಯಾಗ್ನೆಟ್ ಕವರಾಗಲಿ, ಬಿಚ್ಚಿದ ಗಾಡಿ ಒಂದು ರಾತ್ರಿ ನಮ್ಮಲ್ಲೇ ಉಳಿಯುತ್ತದೆ. ಮರುದಿನ ಬೆಳಗ್ಗೆ 10ರ ಮೇಲೆ ಕೊಡುತ್ತೇವೆ. ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಪೇಟೆಯಲ್ಲಿ ಬೇರೆಯವರ ಬಾಯಿಂದ ಕೇಳುವ ಬದಲು ನಮ್ಮಿಂದಲೇ ಕೇಳಿ.

ಈ ಮಳೆಗಾಲದಲ್ಲಿ ಒಬ್ಬರ 100 ಸಿಸಿ ಬೈಕಿಗೆ ಕ್ಲಚ್ ಪ್ಲೇಟು ಹಾಕಿಕೊಟ್ಟೆವು. ವಾರದೊಳಗೆ ಗಾಡಿ ವಾಪಸ್ ಬಂತು, ಬಲಗಡೆ ಆಯಿಲ್ ಜಿನುಗುತ್ತಿದೆ ಎಂದು. ಎಂಜಿನ್ನಿಗೂ ಕವರಿಗೂ ನಡುವೆ ಎಣ್ಣೆ ಸೋರದಂತೆ ಕೂರಿಸುವ ಕಾಗದದಂಥ ಹಾಳೆಗೆ ಗ್ಯಾಸ್ಕೆಟ್ ಎನ್ನುತ್ತೇವೆ. ಹಳೆ ಗ್ಯಾಸ್ಕೆಟ್ ಕುಳಿತಿಲ್ಲವೇನೋ ಎಂದುಕೊಂಡು ಹೊಸದು ಹಾಕಿದೆವು, ದುಡ್ಡೂ ತೆಗೆದುಕೊಂಡೆವು. ಮತ್ತೆ ಬಂತು. ಈ ಸಲ ಗ್ಯಾಸ್ಕೆಟ್ಟಿನ ಎರಡೂ ಮುಖಕ್ಕೆ ಗೋಂದು ಬಳಿದು ಕೂರಿಸಿದೆವು. ಇದು ನಮ್ಮ ಕಸುಬಿನ ಸೋಮಾರಿ ಮದ್ದು. ಮೂರನೇ ಸಲ ಅವರು ಬಂದದ್ದು ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿ ತಿರುಗಿ ಬಂದ ಮೇಲೆ. ಬಲಗಾಲಿನ ಬೂಟು ಪೂರ್ತಿ ಎಣ್ಣೆ. ಮಳೆಯಲ್ಲಿ ಕೆಸರೋ ಆಯಿಲ್ಲೋ ಗೊತ್ತಾಗಲಿಲ್ಲ ಎಂದರು. ಹಿಂದಿನ ಟೈರಿಗೂ ಸಿಡಿದಿತ್ತು. ಘಟ್ಟದ ತಿರುವಿನಲ್ಲಿ ಅದು ಜಾರಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡಿದೆವು. ಓಡುವಾಗ ಗಾಳಿಗೆ ಎಣ್ಣೆ ಹಿಂದಕ್ಕೂ ಕೆಳಕ್ಕೂ ಹರಿಯುತ್ತದೆ, ಹಾಗಾಗಿ ಒದ್ದೆ ಕಾಣುವ ಜಾಗ ಬೇರೆ, ಸೋರುವ ಜಾಗ ಬೇರೆ. ಎಂಜಿನ್ ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಕವರಿನ ಅಂಚಿಗೆಲ್ಲ ಉದುರಿಸಿ, ಗಾಡಿ ನಿಲ್ಲಿಸಿಯೇ ಸ್ಟಾರ್ಟ್ ಮಾಡಿದೆವು. ಹತ್ತು ನಿಮಿಷದಲ್ಲಿ ಮುಂಭಾಗದ ಕೆಳಗಿನ ಬೋಲ್ಟಿನ ಹತ್ತಿರ ಪೌಡರು ಕಪ್ಪಗಾಯಿತು.

ಆ ಬೋಲ್ಟ್ ಟೈಟಾಗಿಯೇ ಇತ್ತು. ಬಿಚ್ಚಿ ಅಳೆದರೆ ಇರಬೇಕಾದ್ದಕ್ಕಿಂತ 5 ಮಿಲಿಮೀಟರ್ ಉದ್ದ. ಕವರಿನ ಬೋಲ್ಟುಗಳಿಗೆಲ್ಲ ದಪ್ಪ ಒಂದೇ, ತಲೆ ಒಂದೇ, ಎಲ್ಲಕ್ಕೂ 8 ನಂಬರ್ ಪಾನಾ. ಉದ್ದ ಮಾತ್ರ ಜಾಗಕ್ಕೆ ತಕ್ಕಂತೆ ಬೇರೆ ಬೇರೆ. ತೂತಿಗೆ ತಳ ಇದೆ. ಉದ್ದದ ಬೋಲ್ಟ್ ಹೋಗಿ ಆ ತಳಕ್ಕೆ ತಾಗಿ ನಿಂತಿತ್ತು. ತಿರುಪಿದವನ ಕೈಗೆ ಟೈಟು, ಆದರೆ ಬೋಲ್ಟಿನ ತಲೆ ಕವರನ್ನು ಒತ್ತಿಯೇ ಇಲ್ಲ. ಒತ್ತಡ ಇಲ್ಲದ ಕಡೆ ಗ್ಯಾಸ್ಕೆಟ್ ಬರೀ ಕಾಗದ. ಹತ್ತು ಹೊಸ ಗ್ಯಾಸ್ಕೆಟ್ ಹಾಕಿದ್ದರೂ ಸೋರುತ್ತಲೇ ಇತ್ತು.

ಒಂದು ಬೋಲ್ಟ್ ಜಾಗ ತಪ್ಪಿದರೆ ಇನ್ನೊಂದೂ ತಪ್ಪಿರಲೇಬೇಕು. ಅಲ್ಲಿ ಹೋಗಬೇಕಿದ್ದ ಗಿಡ್ಡ ಬೋಲ್ಟ್ ಮೇಲಿನ ಉದ್ದದ ತೂತಿನಲ್ಲಿತ್ತು. ಈ ಅಳತೆಯ ಬೋಲ್ಟ್ ಒಂದು ಸುತ್ತು ತಿರುಪಿದರೆ ಒಂದು ಮಿಲಿಮೀಟರ್ ಒಳಗೆ ಹೋಗುತ್ತದೆ. ಅಂದರೆ ಐದು ಸುತ್ತಿನ ಹಿಡಿತ ಕಡಿಮೆ. ಎಂಜಿನ್ನಿನ ಅಲ್ಯೂಮಿನಿಯಂ ಮೆತ್ತಗಿನ ಲೋಹ, ನಾಲ್ಕಾರು ಸುತ್ತಿನ ಮೇಲೆ ಭಾರ ಬಿದ್ದರೆ ತಡೆಯುವುದಿಲ್ಲ. ಬೋಲ್ಟ್ ಬಿಚ್ಚುವಾಗ ತೂತಿನೊಳಗಿನ ತಿರುಪಿನ ಹಲ್ಲು, ಅಂದರೆ ಥ್ರೆಡ್, ಸಿಪ್ಪೆಯಂತೆ ಅದರ ಜೊತೆಗೇ ಬಂತು. ಅಲ್ಲಿ ದೊಡ್ಡದಾಗಿ ಕೊರೆದು, ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿ ಸರಿ ಮಾಡಿದೆವು. ಇನ್ನೂ ಒಂದು ಹೇಳಿಬಿಡುತ್ತೇನೆ: ನಾವು ಬಳಿದ ಗೋಂದಿನ ಚೂರು ಒಳಗೆ ಬಿದ್ದು ಆಯಿಲ್ ಸೋಸುವ ಜಾಲರಿಗೆ ಅಂಟಿಕೊಂಡಿತ್ತು. ಹಾಗೇ ಬಿಟ್ಟಿದ್ದರೆ ಎಣ್ಣೆಯ ದಾರಿ ಕಟ್ಟಿ, ಸೋರುವುದಕ್ಕಿಂತ ದೊಡ್ಡ ಪೆಟ್ಟು ಬೀಳುತ್ತಿತ್ತು.

ಬೋಲ್ಟ್ ಹಾಕಿದ ಹುಡುಗನನ್ನು ಬೈಯಬೇಡಿ. ಎಲ್ಲ ಬೋಲ್ಟುಗಳನ್ನೂ ಒಂದೇ ಟ್ರೇಗೆ ಸುರಿಯುವ ಅಭ್ಯಾಸ ಕಲಿಸಿದವನು ನಾನು. ಅಂದು ಅಡಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವ ಪಂಪುಗಳೂ ರಿಪೇರಿಗೆ ಸಾಲಾಗಿ ನಿಂತಿದ್ದವು, ಕರೆಂಟೂ ಇರಲಿಲ್ಲ, ಗಾಡಿಯನ್ನು ಸಂಜೆಯೊಳಗೆ ಕೊಡುತ್ತೇನೆ ಎಂದು ಒಪ್ಪಿಕೊಂಡವನೂ ನಾನೇ.

ಈಗ ಕವರ್ ಬಿಚ್ಚುವ ಮೊದಲು ಬಿಸ್ಕೆಟ್ ಡಬ್ಬಿಯ ರಟ್ಟಿನ ಮೇಲೆ ಅದರ ಆಕಾರ ಗೀಚಿಕೊಳ್ಳುತ್ತೇವೆ. ತೆಗೆದ ಬೋಲ್ಟನ್ನು ಅದರದೇ ಜಾಗದಲ್ಲಿ ರಟ್ಟಿಗೆ ಚುಚ್ಚಿಡುತ್ತೇವೆ, ತಾಮ್ರದ ವಾಷರ್ ಇದ್ದರೆ ಅದೂ ಜೊತೆಗೇ. ಇದೇನು ನಮ್ಮ ಸಂಶೋಧನೆಯಲ್ಲ, ಹಳೆ ಮೇಸ್ತ್ರಿಗಳು ಮಾಡುತ್ತಿದ್ದದ್ದೇ. ನಾವು ಅವಸರದಲ್ಲಿ ಬಿಟ್ಟಿದ್ದೆವು. ಬೋಲ್ಟನ್ನು ಮೊದಲು ಬೆರಳಿನಲ್ಲೇ ತಿರುಪಿ ನೋಡುತ್ತೇವೆ. ಪೂರ್ತಿ ತಿರುಪುವ ಮುಂಚೆ ಎಲ್ಲ ಬೋಲ್ಟುಗಳ ತಲೆಯೂ ಕವರಿನಿಂದ ಒಂದೇ ಎತ್ತರಕ್ಕೆ ನಿಂತಿರಬೇಕು. ಒಂದು ಹೆಚ್ಚೋ ಕಡಿಮೆಯೋ ಇದ್ದರೆ ಅದು ಬೇರೆ ತೂತಿನದು. ಕೊನೆಯ ಬಿಗಿತಕ್ಕೆ, ಎಷ್ಟು ಬಿಗಿಯಾಯಿತು ಎಂದು ಅಳೆದು ತಿಳಿಸುವ ಟಾರ್ಕ್ ರೆಂಚ್ ತಂದಿದ್ದೇವೆ. ಈ ಬೋಲ್ಟಿಗೆ ಬೇಕಾದದ್ದು ಸುಮಾರು 10 ನ್ಯೂಟನ್ ಮೀಟರ್, ಅಂದರೆ ಮೀಟರ್ ಉದ್ದದ ಪಾನಾದ ತುದಿಗೆ ಒಂದು ಕಿಲೋ ತೂಗಿಬಿಟ್ಟಷ್ಟು. ನಮ್ಮ ಕೈಗಳು ಇಷ್ಟು ವರ್ಷ ಅದಕ್ಕಿಂತ ಹೆಚ್ಚೇ ಹಾಕುತ್ತಿದ್ದವು ಎಂದು ರೆಂಚ್ ಬಂದ ಮೇಲೆ ಗೊತ್ತಾಯಿತು.

ರಾತ್ರಿ ಇಟ್ಟುಕೊಳ್ಳುವುದು ಯಾಕೆಂದರೆ, ಸಂಜೆ ಗಾಡಿ ಓಡಿಸಿ ಎಂಜಿನ್ ಕಾಯಿಸಿ, ಕೆಳಗೆ ದಿನಪತ್ರಿಕೆ ಹಾಸಿ ತಣಿಯಲು ಬಿಡುತ್ತೇವೆ. ಬೆಳಗ್ಗೆ ಪತ್ರಿಕೆಯ ಮೇಲೆ ಒಂದು ಹನಿ ಕಂಡರೂ ಗಾಡಿ ಹೊರಗೆ ಹೋಗುವುದಿಲ್ಲ. ಸಣ್ಣ ಜಿನುಗು ಸಂಜೆಯ ಅರ್ಧ ಗಂಟೆಯಲ್ಲಿ ಕಣ್ಣಿಗೆ ಬೀಳುವಂಥದ್ದಲ್ಲ.

ಕವರ್ ಬಿಚ್ಚುವ ಕೆಲಸಕ್ಕೆ ಕೂಲಿ 50 ರೂಪಾಯಿ ಹೆಚ್ಚಾಗುತ್ತದೆ. ಬರೀ ಆಯಿಲ್ ಬದಲಿಸುವುದು, ಬ್ರೇಕ್, ಚೈನು, ಪಂಕ್ಚರ್ ಇವೆಲ್ಲ ಮೊದಲಿನಂತೆ ಅದೇ ದಿನ, ಅದೇ ದರ. ದೂರದ ಹಳ್ಳಿಯವರಿಗೆ ಎರಡು ಸಲ ಬಸ್ಸು ಹಿಡಿಯುವ ತೊಂದರೆ ಇದೆ ಎಂದು ಗೊತ್ತು. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಜೂನ್‌ನಿಂದ ಚೌತಿಯವರೆಗೆ ನಮ್ಮಲ್ಲಿ ಕವರ್ ಬಿಚ್ಚಿಸಿದವರು ದಯವಿಟ್ಟು ಒಮ್ಮೆ ಗಾಡಿ ತನ್ನಿ. ಬೋಲ್ಟುಗಳನ್ನು ಒಂದೊಂದಾಗಿ ಅಳೆದು ಹಾಕುತ್ತೇವೆ, ದುಡ್ಡಿಲ್ಲ. ಎರಡನೇ ಸಲ ಗ್ಯಾಸ್ಕೆಟ್ಟಿಗೆ ಕೊಟ್ಟ ಹಣ ವಾಪಸ್. ಬರುವ ಮುಂಚೆ ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ ಆಯಿಲ್ ಕಡ್ಡಿ ಒರೆಸಿ ನೋಡಿ. ಸಣ್ಣ ಬೈಕಿನಲ್ಲಿ ಇರುವುದೇ ಒಂದು ಲೀಟರ್ ಆಸುಪಾಸು, ಕ್ಲಚ್ಚಿಗೂ ಗೇರಿಗೂ ಅದೇ ಎಣ್ಣೆ. ಕೆಳಗಿನ ಗೆರೆಗಿಂತ ಇಳಿದಿದ್ದರೆ ಓಡಿಸಿಕೊಂಡು ಬರಬೇಡಿ, ಫೋನ್ ಮಾಡಿ, ನಾವೇ ಬರುತ್ತೇವೆ. ಹಳೆ ಬಿಲ್ ಕಳೆದಿದ್ದರೂ ಅಡ್ಡಿಲ್ಲ, ಗಾಡಿ ನಂಬರ್ ನಮ್ಮ ಪುಸ್ತಕದಲ್ಲಿದೆ.

ಇಂತಿ,
ನಿಮ್ಮ ಗ್ಯಾರೇಜಿನವರು