ಒಂಬತ್ತು ತಿಂಗಳು ತುಂಬಿದ ತಕ್ಷಣ ಮಂಡಿ ರೆಡಿ ಅಂತಲ್ಲ

ಸಂಪಾದಕರಿಗೆ ನಮಸ್ಕಾರ,

ಮಂಡಿಯ ಎಸಿಎಲ್ ಲಿಗಮೆಂಟ್ (ಮಂಡಿಯೊಳಗೆ ಮೂಳೆಗಳನ್ನ ಹಿಡಿದಿಡೋ ನಾರು) ಸರ್ಜರಿ ಆದ ಆಟಗಾರರ ಸುದ್ದಿ ಬಂದಾಗೆಲ್ಲ 'ಇಷ್ಟು ತಿಂಗಳಲ್ಲಿ ವಾಪಸ್' ಅನ್ನೋ ಲೆಕ್ಕ ಒಂದೇ ಇರುತ್ತೆ. ನೋವು, ಊತ ಹೋದ್ಮೇಲೂ ಒಳಗಡೆ ಗ್ರಾಫ್ಟ್, ಅಂದ್ರೆ ಹರಿದ ಲಿಗಮೆಂಟ್ ಬದಲು ಕೂರಿಸಿದ ನಾರು, ಇನ್ನೂ ಬಲಿತಾ ಇರುತ್ತೆ, 9 ತಿಂಗಳಿಗೆ ಮುಂಚೆ ಫುಟ್‌ಬಾಲ್, ಕಬಡ್ಡಿ ಥರ ಗಕ್ಕನೆ ತಿರುಗೋ ಆಟಕ್ಕೆ ಇಳಿದ್ರೆ ಮತ್ತೆ ಗಾಯ ಆಗೋ ರಿಸ್ಕ್ ಜಾಸ್ತಿ ಅಂತ ಸಂಶೋಧನೆಗಳಲ್ಲೇ ಇದೆ. ಹಾಗಂತ 9 ತುಂಬಿದ್ರೆ ಸಾಕು ಅಂತಾನೂ ಅಲ್ಲ.

ತೊಡೆ ಸ್ನಾಯುವಿನ ಶಕ್ತಿ, ಒಂಟಿ ಕಾಲಲ್ಲಿ ಕುಪ್ಪಳಿಸೋ ಟೆಸ್ಟು, ಇವುಗಳಲ್ಲಿ ಇನ್ನೊಂದು ಕಾಲಿನ ಶೇ 90ರಷ್ಟಾದ್ರೂ ಬರ್ಬೇಕು ಅಂತ ಸಾಮಾನ್ಯವಾಗಿ ನೋಡ್ತಾರೆ. ಇಲ್ಲೇ ಒಂದು ತಕರಾರು, ತಿಂಗಳುಗಟ್ಟಲೆ ಆಟ ಇಲ್ದೆ ಚೆನ್ನಾಗಿರೋ ಕಾಲೂ ಸೊರಗಿರುತ್ತೆ, ಆಗ ಎರಡೂ ಸೋತ ಕಾಲುಗಳನ್ನ ಹೋಲಿಸಿ ಪಾಸ್ ಮಾಡಿದ ಹಾಗಾಗುತ್ತೆ! ಅದಕ್ಕೇ ಆಪರೇಷನ್‌ಗೆ ಮುಂಚೆನೇ ಆ ಚೆನ್ನಾಗಿರೋ ಕಾಲನ್ನ ಅಳೆದಿಟ್ಕೊಳ್ಳೋದು ವಾಸಿ. ಎಷ್ಟು ದೂರ ಹಾರಿದ್ರು ಅನ್ನೋದಷ್ಟೇ ಅಲ್ಲ, ನೆಲಕ್ಕೆ ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತಾ ಅಂತಾನೂ ನೋಡ್ಬೇಕು. ಮತ್ತೆ ಆಟಕ್ಕಿಳಿಯೋಕೆ ಇರೋ ಮನಸ್ಸಿನ ಭಯ ಅಳೆಯೋಕೆ ಎಸಿಎಲ್-ಆರ್‌ಎಸ್‌ಐ ಅನ್ನೋ ಪ್ರಶ್ನಾವಳಿನೇ ಇದೆ, ಅದರ ಹೆಸರು ಕ್ರೀಡಾ ಪುಟದಲ್ಲಿ ನಾನಂತೂ ಕಂಡಿಲ್ಲ.

ಮುಂದಿನ ಸಲ ನಿಮ್ಮ ವರದಿಗಾರರು ಯಾವಾಗ ವಾಪಸ್ ಅಂತ ಕೇಳೋ ಜೊತೆಗೆ ಯಾವ್ಯಾವ ಟೆಸ್ಟ್ ಆಯ್ತು ಅಂತಾನೂ ಕೇಳ್ಲಿ.

– ಒಬ್ಬ ಓದುಗ