ಬೀಟ್ ಪೊಲೀಸರನ್ನು ಬಡಾವಣೆಯಲ್ಲೇ ಉಳಿಸಿ

ಮಾನ್ಯರೇ,

ಬೆಂಗಳೂರಿನಲ್ಲಿ 112ಕ್ಕೆ ಕರೆ ಮಾಡಿದರೆ ಹೊಯ್ಸಳ ವಾಹನ ಬರುತ್ತದೆ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ನಿಯಂತ್ರಣ ಕೊಠಡಿಗೆ ಬಂದ ಕರೆ ಸ್ಥಳಕ್ಕೆ ಹತ್ತಿರವಿರುವ ಗಸ್ತು ವಾಹನಕ್ಕೆ ರವಾನೆಯಾಗುವ ಈ ವ್ಯವಸ್ಥೆ ಮೆಚ್ಚತಕ್ಕದ್ದೇ. ಆದರೆ ಹೊಯ್ಸಳ ಬರುವುದು ಏನಾದರೂ ಆದ ಮೇಲೆ. ಅದಕ್ಕೂ ಮುಂಚೆಯೇ ಬೀದಿಯ ಒಳಹೊರಗನ್ನು ಅರಿತಿರಬೇಕಾದವರು ಠಾಣೆಯ ಬೀಟ್ ಸಿಬ್ಬಂದಿ, ಎಂದರೆ ಗೊತ್ತುಪಡಿಸಿದ ಪ್ರದೇಶದಲ್ಲಿ ಗಸ್ತು ತಿರುಗುವ ಪೊಲೀಸರು. ಅವರ ಕೆಲಸದ ಬಗ್ಗೆ ಸಾರ್ವಜನಿಕ ಚರ್ಚೆ ನಡೆಯುವುದು ಕಡಿಮೆ.

ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯ ಮಹಿಳೆಯೊಬ್ಬರಿಗೆ ಕಳೆದ ವರ್ಷ ಖಾಕಿ ತೊಟ್ಟವನೊಬ್ಬ ವಿಡಿಯೊ ಕರೆ ಮಾಡಿ, ಅವರ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆಯೆಂದೂ ಕರೆ ಕಡಿತಗೊಳಿಸಿದರೆ ಬಂಧಿಸುವುದಾಗಿಯೂ ಬೆದರಿಸಿದ. ಅವರು ಮೊಬೈಲನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು, ನೀರು ಕುಡಿಯುವ ನೆಪದಲ್ಲಿ ಒಳಹೋಗಿ, ಫ್ರಿಜ್‌ಗೆ ಅಂಟಿಸಿದ್ದ ಚೀಟಿ ನೋಡಿಕೊಂಡು ಲ್ಯಾಂಡ್‌ಲೈನ್‌ನಿಂದ ಬೀಟ್ ಕಾನ್‌ಸ್ಟೆಬಲ್‌ಗೆ ಫೋನ್ ಮಾಡಿದರು. ಕೂಡಲೇ ಬೈಕಿನಲ್ಲಿ ಬಂದ ಅವರು ಕರೆ ಕಡಿದು, ಕಾನೂನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬುದೇ ಇಲ್ಲವೆಂದು ತಿಳಿಹೇಳಿ, ಸೈಬರ್ ವಂಚನೆಗೆಂದೇ ಇರುವ 1930 ಸಹಾಯವಾಣಿಗೆ ದೂರು ಕೊಡಿಸಿ ಹೋದರು. ತಾನೇ ಆರೋಪಿ ಎಂದು ನಂಬಿ ನಡುಗುತ್ತಿರುವವರು ನಿಯಂತ್ರಣ ಕೊಠಡಿಗೆ ಕರೆ ಮಾಡಲು ಅಂಜುತ್ತಾರೆ. ಹಿಂದಿನ ತಿಂಗಳಷ್ಟೇ ಮನೆಗೆ ಬಂದು ಯೋಗಕ್ಷೇಮ ವಿಚಾರಿಸಿದವರಿಗೆ ಕರೆ ಮಾಡಲು ಅಂಜುವುದಿಲ್ಲ.

ರಾಜ್ಯದಲ್ಲಿ 2017ರಲ್ಲಿ ಜಾರಿಗೆ ಬಂದ ಸುಧಾರಿತ ಗಸ್ತು ಪದ್ಧತಿಯ ಆಶಯವೂ ಇದೇ. ಠಾಣಾ ವ್ಯಾಪ್ತಿಯನ್ನು ಬೀಟ್‌ಗಳಾಗಿ ವಿಂಗಡಿಸಿ, ಒಂದೊಂದರ ಹೊಣೆಯನ್ನೂ ನಿರ್ದಿಷ್ಟ ಸಿಬ್ಬಂದಿಗೆ ವಹಿಸಿ, ಸ್ಥಳೀಯರನ್ನು ಜೊತೆಗೆ ಸೇರಿಸಿಕೊಳ್ಳಬೇಕೆಂಬುದು ಅದರ ತಿರುಳು. ಪೊಲೀಸರೇ ಮನೆಗಳಿಗೆ ಭೇಟಿ ನೀಡುವ, 2025ರಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಕೂಡ ಅದೇ ದಾರಿಯದು. ಆದರೆ ಗಣೇಶೋತ್ಸವದ ಮೆರವಣಿಗೆ, ಪ್ರತಿಭಟನೆ, ಕ್ರಿಕೆಟ್ ಪಂದ್ಯ, ಗಣ್ಯರ ಭೇಟಿ ಎಂದು ಬಂದೋಬಸ್ತಿಗೆ ಜನ ಬೇಕಾದಾಗಲೆಲ್ಲ ಬೀಟ್ ಖಾಲಿಯಾಗುತ್ತದೆ. ಉಳಿದ ದಿನಗಳಲ್ಲಿ ಸಮನ್ಸ್ ಜಾರಿ, ಪಾಸ್‌ಪೋರ್ಟ್ ಪರಿಶೀಲನೆಯ ಕೆಲಸವೂ ಇದೇ ಸಿಬ್ಬಂದಿಯ ಹೆಗಲಿಗೆ ಬೀಳುತ್ತದೆ. ಹಿಂದೆ ಗಸ್ತಿನ ಜಾಗಗಳಲ್ಲಿ ಇಟ್ಟಿರುತ್ತಿದ್ದ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕುತ್ತಿದ್ದವರು ಈಗ ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಅವರು ಅಲ್ಲಿಗೆ ಬಂದದ್ದು ಇದರಿಂದ ದಾಖಲಾಗುತ್ತದೆಯೇ ಹೊರತು, ಯಾರನ್ನು ಮಾತನಾಡಿಸಿದರೆಂಬುದಲ್ಲ. (ರಾತ್ರಿ ಎರಡು ಗಂಟೆಗೆ ಮಾತನಾಡಿಸಲು ಬೀದಿನಾಯಿಗಳಲ್ಲದೆ ಇನ್ನಾರು ಸಿಗುತ್ತಾರೆ ಎಂಬುದೂ ನ್ಯಾಯವೇ!)

ಮೇಲೆ ಹೇಳಿದ ಕಾನ್‌ಸ್ಟೆಬಲ್ ಈಗ ವರ್ಗವಾಗಿದ್ದಾರೆ. ಚೀಟಿಯಲ್ಲಿ ಅವರ ಸಂಖ್ಯೆಯೇ ಇದೆ. ವರ್ಗಾವಣೆ ಅನಿವಾರ್ಯವಿರಬಹುದು, ಆದರೆ ಹೋಗುವವರು ಬರುವವರನ್ನು ಕರೆತಂದು, ಒಂಟಿ ವೃದ್ಧರ ಮನೆಗಳಿಗಾದರೂ ಪರಿಚಯಿಸಿ ಹೋಗುವ ಪದ್ಧತಿಯನ್ನು ಇಲಾಖೆ ಕಡ್ಡಾಯಗೊಳಿಸಬಹುದು. ಪ್ರತಿ ಬೀಟ್‌ಗೂ ವೈಯಕ್ತಿಕ ಸಂಖ್ಯೆಯ ಬದಲು ಬದಲಾಗದ ಒಂದು ಮೊಬೈಲ್ ಸಂಖ್ಯೆ ನೀಡಿದರೆ, ಸಿಬ್ಬಂದಿ ಬದಲಾದರೂ ಚೀಟಿ ಹಳತಾಗುವುದಿಲ್ಲ. ಬಂದೋಬಸ್ತಿಗೆ ಕಳುಹಿಸಿದ ದಿನ ಆ ಬೀಟ್ ಯಾರ ಹೊಣೆ ಎಂಬುದನ್ನು ಠಾಣೆಯ ಫಲಕದಲ್ಲಿ ಬರೆಯಲಿ. ಪೊಲೀಸರು ನಿವಾಸಿಗಳೊಂದಿಗೆ ನಡೆಸುವ ಬಡಾವಣೆಯ ಸಭೆಗಳನ್ನು ಬೆಳಗಿನ ಹನ್ನೊಂದಕ್ಕೆ ಇಟ್ಟರೆ ಬರುವವರು ನನ್ನಂಥ ನಿವೃತ್ತರು ಮಾತ್ರ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳೂ ಬಾಡಿಗೆದಾರರೂ ಬರಬೇಕಾದರೆ ಸಂಜೆ ಏಳರ ನಂತರ ಇಡಬೇಕೆಂದು ನಗರ ಪೊಲೀಸ್ ಆಯುಕ್ತರಲ್ಲಿ ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಬೆಂಗಳೂರು