ಫ್ರಾನ್ಸ್‌ಗೆ ಹೊರಟ ವಿದ್ಯಾರ್ಥಿಗಳ ಜತೆ ಹೋಗುವವರು ಯಾರು?

ಮಾನ್ಯರೇ,

ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ‘ಫ್ರಾನ್ಸ್ ಸಮ್ಮರ್ ಪ್ರೋಗ್ರಾಂ’ ಪೋಸ್ಟರ್ ಕಾಣುವುದು ಈಗ ಹೊಸದೇನಲ್ಲ. 2030ರ ಹೊತ್ತಿಗೆ ಭಾರತದ 30,000 ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿಯನ್ನು ಫ್ರಾನ್ಸ್ ಘೋಷಿಸಿದೆ. ಮೂರು–ನಾಲ್ಕು ವಾರಗಳ ಬೇಸಿಗೆ ಕೋರ್ಸಿಗೆ ಹೋಗಿಬಂದು, ಇಷ್ಟವಾದರೆ ಮುಂದೆ ಮಾಸ್ಟರ್ಸ್‌ಗೆ ಹೋಗೋಣ ಎನ್ನುವವರೂ ಹೆಚ್ಚುತ್ತಿದ್ದಾರೆ. ಪೋಸ್ಟರ್‌ನಲ್ಲಿ ಐಫೆಲ್ ಗೋಪುರ ಇರುತ್ತದೆ, ಶುಲ್ಕ ಇರುತ್ತದೆ, ಹಣ ಕಟ್ಟಲು ಕೊನೆಯ ದಿನವೂ ಇರುತ್ತದೆ. ಜತೆಗೆ ಹೋಗುವ ಮೇಷ್ಟ್ರು ಯಾರು, ಅವರ ಕೆಲಸವೇನು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ.

ಇದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ಹದಿನೈದೋ ಇಪ್ಪತ್ತೋ ವಿದ್ಯಾರ್ಥಿಗಳನ್ನು ಸೇರಿಸಿಕೊಟ್ಟರೆ ಟ್ರಾವೆಲ್ ಏಜೆನ್ಸಿಯವರು ಒಂದು ಸೀಟು ‘ಫ್ರೀ’ ಎನ್ನುತ್ತಾರೆ. ಆ ಸೀಟಿನ ಖರ್ಚು ಮಕ್ಕಳ ಶುಲ್ಕದಲ್ಲೇ ಸೇರಿಹೋಗಿರುತ್ತದೆ ಎನ್ನುವುದು ಬೇರೆ ಮಾತು. ಫ್ರೀ ಎಂದ ಮೇಲೆ ಅದು ಬಹುಮಾನವಾಗುತ್ತದೆ. ಸೇವಾ ಹಿರಿತನಕ್ಕೋ, ಆಡಳಿತ ಮಂಡಳಿಯ ಹತ್ತಿರದವರಿಗೋ ಸಲ್ಲುತ್ತದೆ. ಹಾಗೆ ಹೋದವರು ಕೆಟ್ಟವರೇನಲ್ಲ. ಆದರೆ ಫ್ರೆಂಚ್ ಬಾರದು, ಊರು ತಿಳಿಯದು, ರಾತ್ರಿ ಹನ್ನೊಂದಕ್ಕೆ ಹುಡುಗನೊಬ್ಬನಿಗೆ ಹೊಟ್ಟೆನೋವು ಬಂದರೆ ಅವರೂ ಅವನಷ್ಟೇ ಗಾಬರಿ ಬೀಳುತ್ತಾರೆ.

ಲೆಕ್ಕ ಸರಳ. ಇಪ್ಪತ್ತು ವಿದ್ಯಾರ್ಥಿಗಳ ತಂಡಕ್ಕೆ ಮೂವರು ಹಿರಿಯರು ಬೇಕು. ಒಬ್ಬರು ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ದರೆ ಅರ್ಧ ದಿನ ಅಲ್ಲೇ. ಇನ್ನೊಬ್ಬರು ತಂಡದ ಜತೆ ಇರಬೇಕು. ಅದೇ ಹೊತ್ತಿಗೆ ಯಾರದೋ ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ಠಾಣೆಗೆ ಹೋಗಲು ಮೂರನೆಯವರು ಬೇಕು. ಇಬ್ಬರೇ ಇದ್ದ ಕಡೆ ಉಳಿದ ಹದಿನೆಂಟು ಜನರನ್ನು ‘ರೂಮಿನಲ್ಲೇ ಇರಿ’ ಎಂದು ಬಿಟ್ಟುಹೋಗುವ ಪರಿಸ್ಥಿತಿ ಬರುತ್ತದೆ. ಮೂವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಒಬ್ಬರಿಗಾದರೂ ಬಿ1 ಮಟ್ಟದ (ಯುರೋಪಿನ ಆರು ಹಂತಗಳ ಭಾಷಾಮಟ್ಟದಲ್ಲಿ ಮೂರನೆಯದು) ಫ್ರೆಂಚ್ ಬರಬೇಕು. ಆ ಮಟ್ಟ ಮುಟ್ಟಲು ಸಾಮಾನ್ಯವಾಗಿ 350 ಗಂಟೆಗೂ ಹೆಚ್ಚು ಕಲಿಕೆ ಬೇಕಾಗುತ್ತದೆ. ಮೊದಲ ಹಂತವಾದ ಎ1 ಮುಗಿಸಿದವರು ಕಾಫಿ ತರಿಸಿಕೊಳ್ಳಬಲ್ಲರೇ ಹೊರತು, ಉಸಿರಾಟದ ತೊಂದರೆ ಯಾವಾಗ ಶುರುವಾಯಿತು, ಯಾವ ಔಷಧಿ ಕೊಟ್ಟಿದ್ದೇವೆ ಎಂದು ಫೋನಿನಲ್ಲಿ ವಿವರಿಸಲಾರರು.

ಇನ್ನೊಂದು ಮಾತು. ಪಾಠ ಮಾಡುವವರು ಮತ್ತು ಮಕ್ಕಳ ಕಷ್ಟಸುಖ ನೋಡುವ ಸಲಹೆಗಾರರು ಒಬ್ಬರೇ ಆಗಬಾರದು. ಖರ್ಚು ಉಳಿಸಲೆಂದು ಎರಡೂ ಕೆಲಸವನ್ನು ಒಬ್ಬರ ತಲೆಗೇ ಕಟ್ಟುತ್ತಾರೆ. ಇಂಟರ್ನಲ್ ಮಾರ್ಕ್ಸ್ ಕೊಡುವವರ ಬಳಿ ಯಾವ ಹುಡುಗಿ ‘ಸರ್, ದಾರಿ ತಪ್ಪಿದೆ, ಕೊನೇ ಮೆಟ್ರೊ ಹೋಯಿತು’ ಎಂದು ರಾತ್ರಿ ಒಂದು ಗಂಟೆಗೆ ಫೋನ್ ಮಾಡುತ್ತಾಳೆ? ಮಾಡದೆ ಗೆಳತಿಯರಿಗೆ ಮೆಸೇಜ್ ಹಾಕುತ್ತಾಳೆ, ಗೆಳತಿಯರು ಗುಟ್ಟಾಗಿ ಹುಡುಕಲು ಹೊರಡುತ್ತಾರೆ, ಒಂದು ಸಮಸ್ಯೆ ಮೂರಾಗುತ್ತದೆ. ಮಾರ್ಕ್ಸಿಗೂ ಶಿಸ್ತು ಕ್ರಮಕ್ಕೂ ಸಂಬಂಧವಿಲ್ಲದ ಒಬ್ಬರ ಕೈಯಲ್ಲಿ ರಾತ್ರಿಯ ಫೋನ್ ಇರಲಿ. ಆ ನಂಬರ್, ತಂಗುವ ಜಾಗದ ವಿಳಾಸ ಎರಡನ್ನೂ ಫ್ರೆಂಚ್‌ನಲ್ಲಿ ಮುದ್ರಿಸಿದ ಚೀಟಿ ಪ್ರತಿಯೊಬ್ಬರ ಜೇಬಿನಲ್ಲಿರಲಿ. ಮೊಬೈಲ್ ಕದ್ದುಹೋದ ದಿನ ಮೊಬೈಲ್‌ನಲ್ಲಿ ಸೇವ್ ಮಾಡಿದ ವಿಳಾಸದಿಂದ ಉಪಯೋಗವಿಲ್ಲ. ಪ್ಯಾರಿಸ್ ಮೆಟ್ರೊದಲ್ಲಿ ಬಾಗಿಲು ಮುಚ್ಚುವ ಕ್ಷಣಕ್ಕೆ ಕೈಯಿಂದ ಫೋನ್ ಕಿತ್ತುಕೊಂಡು ಇಳಿದು ಓಡುವವರಿದ್ದಾರೆ.

ಕತ್ತಲಾದ ಮೇಲೆ ಹೊರಗಿರಬೇಡಿ ಎಂಬ ನಮ್ಮೂರಿನ ನಿಯಮವೂ ಅಲ್ಲಿ ನಡೆಯುವುದಿಲ್ಲ. ಜೂನ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ರಾತ್ರಿ ಹತ್ತಕ್ಕೆ. ಗಡಿಯಾರ ನೋಡಿಯೇ ನಿಯಮ ಮಾಡಬೇಕು. ಹದಿನೆಂಟು ತುಂಬಿದವರಿಗೆ ಅಲ್ಲಿ ಮದ್ಯ ಮಾರುವುದು ಕಾನೂನುಬದ್ಧ. ಕಾಲೇಜಿನ ನಿಲುವೇನು ಎಂಬುದನ್ನು ಹೊರಡುವ ಮೊದಲೇ ಬರೆದು, ವಿದ್ಯಾರ್ಥಿಯಿಂದಲೂ ತಂದೆತಾಯಿಯಿಂದಲೂ ಸಹಿ ಹಾಕಿಸಿಕೊಳ್ಳಿ. ಅಲ್ಲಿ ಹೋದ ಮೇಲೆ ಭಾಷಣ ಮಾಡಿ ಪ್ರಯೋಜನವಿಲ್ಲ.

ಇನ್ನು ಕಾಗದಪತ್ರ. ತೊಂಬತ್ತು ದಿನದೊಳಗಿನ ಕೋರ್ಸಿಗೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ವೀಸಾ ಸಾಕು. ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಆದರೆ ನಮ್ಮವರು ಪರೀಕ್ಷೆ ಮುಗಿಯಲಿ ಎಂದು ಏಪ್ರಿಲ್–ಮೇವರೆಗೆ ಕಾಯುತ್ತಾರೆ. ಬೇಸಿಗೆ ಪ್ರವಾಸಿಗಳೆಲ್ಲ ಮುಗಿಬೀಳುವುದೂ ಆಗಲೇ, ಸ್ಲಾಟ್ ಸಿಗುವುದಿಲ್ಲ. ಪಾಸ್‌ಪೋರ್ಟ್ ಹಿಂದಿನ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೊಗಳದ್ದು.

ನಮ್ಮ ಕಡೆಯವರಿಗೆ ವಿಶೇಷವಾಗಿ ತೊಡಕಾಗುವುದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣ ರೂಪ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಏಜೆನ್ಸಿಯವರು ಕಾಲೇಜಿನ ಪಟ್ಟಿ ನೋಡಿ ಟಿಕೆಟ್ ಮಾಡುತ್ತಾರೆ, ವಿಮೆಯನ್ನು ಆಧಾರ್ ನೋಡಿ ಮಾಡುತ್ತಾರೆ, ಒಬ್ಬನೇ ಹುಡುಗನಿಗೆ ಮೂರು ಹೆಸರಾಗುತ್ತದೆ. ಸಲಹೆಗಾರರ ಮೊದಲ ಕೆಲಸವೇ ಪಾಸ್‌ಪೋರ್ಟಿನ ಪುಟವನ್ನು ಎದುರಿಗಿಟ್ಟುಕೊಂಡು ಟಿಕೆಟ್, ವಿಮೆ, ವೀಸಾ ಫಾರ್ಮ್, ಫ್ರಾನ್ಸ್‌ನ ಸಂಸ್ಥೆಯ ಪತ್ರ ನಾಲ್ಕನ್ನೂ ಅಕ್ಷರ ಅಕ್ಷರ ತಾಳೆ ನೋಡುವುದು. ಹದಿನೆಂಟು ತುಂಬದವರಿದ್ದರೆ ತಂದೆ ತಾಯಿ ಇಬ್ಬರ ನೋಟರಿ ಒಪ್ಪಿಗೆಪತ್ರದ ಜತೆಗೆ, ತುರ್ತು ಚಿಕಿತ್ಸೆಗೆ ಸಹಿ ಹಾಕುವ ಅಧಿಕಾರವನ್ನು ಸಲಹೆಗಾರರಿಗೆ ಕೊಡುವ ಪತ್ರವೂ ಫ್ರೆಂಚ್‌ನಲ್ಲಿ ಇರಲಿ.

ವಾರಾಂತ್ಯದ ತಿರುಗಾಟಕ್ಕೆ ಮುನ್ನ ವೀಸಾ ಮೇಲಿನ ಎಂಟ್ರಿ ಸಂಖ್ಯೆ, ಅಂದರೆ ಎಷ್ಟು ಸಲ ಒಳಬರಬಹುದು ಎಂಬುದನ್ನು ನೋಡಿ. ಒಂದೇ ಎಂಟ್ರಿಯ ವೀಸಾದಲ್ಲೂ ಜಿನೀವಾಕ್ಕೆ ಹೋಗಿಬರಬಹುದು, ಸ್ವಿಟ್ಜರ್‌ಲೆಂಡ್ ಷೆಂಗೆನ್‌ನಲ್ಲಿದೆ. ಲಂಡನ್‌ಗೆ ಬ್ರಿಟನ್ನಿನ ಬೇರೆ ವೀಸಾ ಬೇಕು, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಫ್ರಾನ್ಸ್–ಸ್ಪೇನ್ ನಡುವಿನ ಪುಟ್ಟ ದೇಶ ಅಂಡೋರಾದ ಸಂಗತಿ. ತುಲೂಸ್‌ನಲ್ಲಿ ಓದುವ ತಂಡಗಳಿಗೆ ಅದು ಹತ್ತಿರದ ಬೆಟ್ಟದೂರು, ಬಸ್ಸಿನಲ್ಲಿ ಹೋಗಿಬರೋಣ ಎನ್ನಿಸುತ್ತದೆ. ಆದರೆ ಅಂಡೋರಾ ಷೆಂಗೆನ್‌ಗೆ ಸೇರಿಲ್ಲ. ಅಲ್ಲಿಗೆ ಕಾಲಿಟ್ಟರೆ ಫ್ರಾನ್ಸ್‌ನಿಂದ ಹೊರಬಿದ್ದಂತೆ. ಒಂದೇ ಎಂಟ್ರಿ ಇದ್ದವರಿಗೆ ವಾಪಸ್ ಬರಲು ವೀಸಾ ಇಲ್ಲ.

ರೈಲಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೇಳುತ್ತೇವೆ, ತಂಡಗಳು ಒಡೆಯುವುದು ಅಲ್ಲೇ. ಪ್ಯಾರಿಸ್‌ನ ಷಾರ್ಲ್ ದ ಗೋಲ್ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಟರ್ಮಿನಲ್ 2ರಲ್ಲೇ ಟಿಜಿವಿ ಎಂಬ ಅತಿವೇಗದ ರೈಲು ಸಿಗುತ್ತದೆ. ವಿಮಾನ ಇಳಿದ ಎರಡು ಗಂಟೆಗೇ ರೈಲು ಬುಕ್ ಮಾಡುವ ಏಜೆನ್ಸಿಗಳಿವೆ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಮುಖದ ಚಿತ್ರ ತೆಗೆದುಕೊಳ್ಳುವ ಪದ್ಧತಿ ಹಂತಹಂತವಾಗಿ ಬಂದಿದೆ. ಇಪ್ಪತ್ತು ಜನ ಅದನ್ನು ದಾಟಿ, ಲಗೇಜ್ ಎತ್ತಿಕೊಂಡು ಬರುವಷ್ಟರಲ್ಲಿ ರೈಲು ಹೋಗಿರುತ್ತದೆ. ನಾಲ್ಕು ಗಂಟೆ ಬಿಡಿ. ಹೆಚ್ಚಾದ ಸಮಯದಲ್ಲಿ ಮಕ್ಕಳು ಊಟವನ್ನಾದರೂ ಮಾಡುತ್ತಾರೆ.

ಟಿಜಿವಿ ಬಾಗಿಲು ಹೊರಡುವ ಸಮಯಕ್ಕೆ ಎರಡು ನಿಮಿಷ ಮೊದಲೇ ಮುಚ್ಚುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಬೋರ್ಡಿನ ಮೇಲೆ ಬರುವುದೇ ಇಪ್ಪತ್ತು ನಿಮಿಷ ಮುಂಚೆ. ಕೆಲವು ಸಲ ಎರಡು ರೈಲುಗಳನ್ನು ಜೋಡಿಸಿ ಓಡಿಸುತ್ತಾರೆ. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ಹೋಗಲು ದಾರಿ ಇರುವುದಿಲ್ಲ. ನಮ್ಮ ರೈಲುಗಳಂತೆ ‘ಮೊದಲು ಹತ್ತಿ, ಆಮೇಲೆ ನಡೆದು ಹೋಗೋಣ’ ಎನ್ನುವಂತಿಲ್ಲ. ಮಧ್ಯದಲ್ಲಿ ಕಳಚಿ ಬೇರೆ ಬೇರೆ ಊರಿಗೆ ಹೋಗುವ ಜೋಡಿಗಳೂ ಉಂಟು. ಆದ್ದರಿಂದ ಬೋಗಿ ಸಂಖ್ಯೆ ಎಲ್ಲಿ ನಿಲ್ಲುತ್ತದೆ ಎಂದು ಪ್ಲಾಟ್‌ಫಾರ್ಮಿನ ಅಕ್ಷರದ ಗುರುತು ನೋಡಿ ಅಲ್ಲೇ ನಿಲ್ಲಬೇಕು. ಒಬ್ಬ ಹಿರಿಯರು ಮೊದಲು ಹತ್ತಿ ಒಳಗಿನಿಂದ ಸೂಟ್‌ಕೇಸ್ ತೆಗೆದುಕೊಳ್ಳಬೇಕು, ಇನ್ನೊಬ್ಬರು ಎಣಿಸಿಕೊಂಡು ಕೊನೆಯಲ್ಲಿ ಹತ್ತಬೇಕು. ಒಬ್ಬರಿಗೆ ಎರಡು ದೊಡ್ಡ ಚೀಲ, ಒಂದು ಕೈಚೀಲಕ್ಕಿಂತ ಹೆಚ್ಚು ಲಗೇಜ್‌ಗೆ ದಂಡ ಬೀಳಬಹುದು. ಪ್ರತಿ ಚೀಲಕ್ಕೂ ಹೆಸರಿನ ಚೀಟಿ ಕಡ್ಡಾಯ.

ಪ್ಯಾರಿಸ್‌ನ ಮೆಟ್ರೊ, ಬಸ್ಸುಗಳಿಗೆ ಬಳಸುವ ‘ನವಿಗೊ’ ವಾರದ ಪಾಸ್ ಕೂಡ ಹಣ ನುಂಗುತ್ತದೆ. ಅದು ಕೊಂಡ ದಿನದಿಂದ ಏಳು ದಿನವಲ್ಲ, ಸೋಮವಾರದಿಂದ ಭಾನುವಾರದವರೆಗೆ ಮಾತ್ರ. ಗುರುವಾರ ಬಂದ ತಂಡಕ್ಕೆ ವಾರದ ಪಾಸ್ ಕೊಡಿಸಿದರೆ ನಾಲ್ಕೇ ದಿನಕ್ಕೆ ಮುಗಿಯುತ್ತದೆ. ನವಿಗೊ ಕಾರ್ಡಿಗೆ ಸಣ್ಣ ಫೋಟೊ ಅಂಟಿಸದಿದ್ದರೆ ತಪಾಸಣೆಯವರು ಪಾಸ್ ಇದ್ದರೂ ದಂಡ ಹಾಕುತ್ತಾರೆ. ಫೋಟೊಗಳನ್ನು ಇಲ್ಲಿಂದಲೇ ಒಯ್ಯಿರಿ. ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ, ಒರ್ಸೆಗೆ ಸೋಮವಾರ. 2026ರ ಜನವರಿಯಿಂದ ಲೂವ್ರ್ ಯುರೋಪಿನ ಹೊರಗಿನವರಿಗೆ 32 ಯೂರೊ ದರ ಮಾಡಿದೆ; ಹದಿನೆಂಟರೊಳಗಿನವರಿಗೆ ಉಚಿತ. ಹಳೆಯ ಬಜೆಟ್ ಹಾಳೆಯನ್ನೇ ಈ ವರ್ಷವೂ ಬಳಸುವವರು ಗಮನಿಸಲಿ.

ಆರೋಗ್ಯದ ವಿಷಯದಲ್ಲಿ ನೆನಪಿಡಬೇಕಾದ ನಂಬರ್ 15 ಮತ್ತು 112. ಹದಿನೈದಕ್ಕೆ ಕರೆ ಮಾಡಿದರೆ ವೈದ್ಯಕೀಯ ಸಿಬ್ಬಂದಿಯೇ ಮಾತನಾಡಿ, ಆಂಬುಲೆನ್ಸ್ ಬೇಕೋ, ಹತ್ತಿರದ ಡಾಕ್ಟರ್ ಸಾಕೋ ಎಂದು ನಿರ್ಧರಿಸುತ್ತಾರೆ. ಸಾಮಾನ್ಯ ವೈದ್ಯರ ಭೇಟಿಗೆ 30 ಯೂರೊ, ಅದನ್ನು ಕೈಯಿಂದಲೇ ಕೊಡಬೇಕು. ಪಾವತಿಯ ರಸೀದಿ ಇಲ್ಲದೆ ವಿಮೆಯವರು ಹಣ ಕೊಡುವುದಿಲ್ಲ. ಅಸ್ತಮಾ, ಮಧುಮೇಹ, ಫಿಟ್ಸ್ ಇರುವವರ ಹಳೆಯ ಕಾಯಿಲೆಯನ್ನು ಅಗ್ಗದ ಪಾಲಿಸಿಗಳು ಹೊರಗಿಡುತ್ತವೆ. ಪಾಲಿಸಿಯ ಆ ಪುಟವನ್ನು ಸಲಹೆಗಾರರು ಓದಿರಬೇಕು. ಡೋಲೊ ಎಂದರೆ ಅಲ್ಲಿನ ಔಷಧಿ ಅಂಗಡಿಯವರಿಗೆ ತಿಳಿಯದು, ಪ್ಯಾರಾಸಿಟಮಾಲ್ ಎಂದರೆ ತಿಳಿಯುತ್ತದೆ. ದಿನನಿತ್ಯದ ಮಾತ್ರೆ ತೆಗೆದುಕೊಳ್ಳುವವರ ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧಿಯ ಮೂಲ ಹೆಸರು ಇರುವಂತೆ ಇಲ್ಲೇ ಡಾಕ್ಟರಿಂದ ಬರೆಸಿಕೊಳ್ಳಬೇಕು.

ಸೆಕೆಯನ್ನು ನಮ್ಮವರು ಲಘುವಾಗಿ ತೆಗೆದುಕೊಳ್ಳುತ್ತಾರೆ, ರಾಯಚೂರು, ಕಲಬುರಗಿ ಕಂಡವರಿಗೆ ಫ್ರಾನ್ಸ್ ಬಿಸಿಲು ಯಾವ ಲೆಕ್ಕ ಎಂದು. 2019ರ ಜೂನ್ 28ರಂದು ದಕ್ಷಿಣದ ವೆರಾರ್ಗ್‌ನಲ್ಲಿ 46 ಡಿಗ್ರಿ ದಾಖಲಾಗಿದೆ. ಅಲ್ಲಿನ ಹೆಚ್ಚಿನ ವಿದ್ಯಾರ್ಥಿ ನಿಲಯಗಳಲ್ಲಿ ಎಸಿ ಬಿಡಿ, ಸೀಲಿಂಗ್ ಫ್ಯಾನೂ ಇರುವುದಿಲ್ಲ. ಹಗಲು ಕಿಟಕಿಯ ಹೊರಬಾಗಿಲು ಮುಚ್ಚಿ, ರಾತ್ರಿ ತೆರೆಯುವುದು ಅಲ್ಲಿನವರ ಪದ್ಧತಿ. ನಮ್ಮ ಹುಡುಗರು ಗಾಳಿ ಬರಲಿ ಎಂದು ಮಧ್ಯಾಹ್ನವೇ ಕಿಟಕಿ ತೆಗೆದಿಟ್ಟು, ರಾತ್ರಿ ಕೋಣೆಯಲ್ಲಿ ಬೇಯುತ್ತಾರೆ. ಹವಾಮಾನ ಇಲಾಖೆ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ಮಧ್ಯಾಹ್ನದ ಹೊರಸಂಚಾರವನ್ನು ಬೋಧಕರು ರದ್ದು ಮಾಡಬೇಕು, ಟಿಕೆಟ್ ಹಣ ಹೋದರೂ ಸರಿಯೇ.

ಮನೆಗಳಲ್ಲಿ ಉಳಿಸುವ ವ್ಯವಸ್ಥೆ ಇದ್ದರೆ ಊಟದ ಮಾತು ಮೊದಲೇ ಆಗಬೇಕು. ಸಸ್ಯಾಹಾರಿ ಎಂದರೆ ಮೀನು ತಿನ್ನುತ್ತಾರೆ ಎಂದುಕೊಳ್ಳುವವರು ಅಲ್ಲಿದ್ದಾರೆ. ತರಕಾರಿ ಸೂಪಿಗೆ ಕೋಳಿಯ ಸಾರು, ಸಿಹಿತಿನಿಸಿಗೆ ಜೆಲಟಿನ್ ಬೀಳುತ್ತದೆ. ತಿನ್ನದ್ದರ ಪಟ್ಟಿಗಿಂತ ತಿನ್ನುವುದರ ಪಟ್ಟಿ ಕಳಿಸಿದರೆ ಆ ಮನೆಯವರಿಗೂ ಅನುಕೂಲ: ಅನ್ನ, ಬೇಳೆ, ಪಾಸ್ತಾ, ಆಲೂಗಡ್ಡೆ, ಮೊಸರು, ಮೊಟ್ಟೆ ಆಗುತ್ತದೋ ಇಲ್ಲವೋ. ಇನ್ನು, ಆ ಮನೆಯವರಿಗೆಂದು ತಾಯಂದಿರು ಕಟ್ಟಿಕೊಡುವ ಧಾರವಾಡ ಪೇಡೆ, ತುಪ್ಪ, ಮಾವಿನಹಣ್ಣು, ಕರಿಬೇವು ಯಾವುದೂ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಹಣ್ಣು, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವ ಕೆಲವೇ ಹಣ್ಣುಗಳಲ್ಲಿ ಬಾಳೆ ಮತ್ತು ತೆಂಗು ಸೇರಿವೆ ಎಂಬುದು ತಮಾಷೆಯಾದರೂ ನಿಜ. ಚಿಕ್ಕಮಗಳೂರಿನ ಕಾಫಿಪುಡಿ, ಚನ್ನಪಟ್ಟಣದ ಬೊಂಬೆ ಕೊಟ್ಟು ಕಳಿಸಿ.

ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಕಲಿಕೆಯ ಅಳತೆ; ಅದರ ವಿಷಯದಲ್ಲಿ ಕಾಲೇಜುಗಳು ತೋರುವ ಉದಾಸೀನ ದೊಡ್ಡದು. ಯುರೋಪಿನ ಒಂದು ಕ್ರೆಡಿಟ್ ಎಂದರೆ ತರಗತಿ, ಸ್ವಂತ ಓದು ಎಲ್ಲ ಸೇರಿ 25ರಿಂದ 30 ಗಂಟೆ. ನಮ್ಮಲ್ಲಿ ಸಾಮಾನ್ಯವಾಗಿ 15 ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್. ವಾರಕ್ಕೆ 20 ಗಂಟೆಯಂತೆ ನಾಲ್ಕು ವಾರ, ಅಂದರೆ 80 ಗಂಟೆ ಪಾಠ ಕೇಳಿದವರಿಗೆ ನಮ್ಮ ಲೆಕ್ಕದಲ್ಲಿ ಐದು ಬರುತ್ತದೆ. ಅವರ ಲೆಕ್ಕದಲ್ಲಿ, 40 ಗಂಟೆ ಸ್ವಂತ ಓದು ಸೇರಿಸಿದರೂ ನಾಲ್ಕೋ ಐದೋ ಎಂಬ ಚರ್ಚೆ. ಹೋಗಿಬಂದ ಮೇಲೆ ಪರೀಕ್ಷಾ ವಿಭಾಗದ ಮುಂದೆ ನಿಂತು ಈ ಚರ್ಚೆ ಮಾಡಿದರೆ ಸೊನ್ನೆಯೂ ಸಿಗಬಹುದು. ಪಠ್ಯಕ್ರಮ ನಿರ್ಧರಿಸುವ ಬೋರ್ಡ್ ಆಫ್ ಸ್ಟಡೀಸ್‌ನ ಒಪ್ಪಿಗೆ ಹೊರಡುವ ಮೊದಲೇ ಆಗಿರಬೇಕು. ವಾಪಸ್ ಬರುವ ಮುನ್ನ ಗಂಟೆಗಳ ಸಂಖ್ಯೆ, ಹಾಜರಾತಿ, ತಲುಪಿದ ಭಾಷಾಮಟ್ಟ ನಮೂದಿಸಿದ ಮೊಹರಿನ ಪತ್ರವನ್ನು ಬೋಧಕರು ಕೈಗೇ ಪಡೆಯಬೇಕು. ಆಗಸ್ಟ್ ಬಂತೆಂದರೆ ಅಲ್ಲಿನ ವಿಶ್ವವಿದ್ಯಾಲಯಗಳ ಕಚೇರಿಗಳು ವಾರಗಟ್ಟಲೆ ಮುಚ್ಚುತ್ತವೆ, ಇಮೇಲ್‌ಗೆ ಉತ್ತರ ಬರುವುದು ಸೆಪ್ಟೆಂಬರ್‌ನಲ್ಲೇ.

ಮುಂಗಡ ಕಟ್ಟುವ ತಂದೆತಾಯಿ ಕಾಲೇಜಿನಿಂದ ಬರಹದಲ್ಲಿ ಕೇಳಬೇಕಾದ್ದು ಇಷ್ಟು: ಜತೆಗೆ ಹೋಗುವ ಮೂವರ ಹೆಸರು, ಅವರಲ್ಲಿ ಫ್ರೆಂಚ್ ಬಲ್ಲವರು ಯಾರು, ರಾತ್ರಿಯ ಫೋನ್ ಯಾರ ಕೈಯಲ್ಲಿ, ಕ್ರೆಡಿಟ್ ಒಪ್ಪಿಗೆಯಾದ ಸಭೆಯ ದಿನಾಂಕ, ವೀಸಾ ನಿರಾಕರಣೆಯಾದರೆ ಎಷ್ಟು ಹಣ ಎಷ್ಟು ದಿನದಲ್ಲಿ ವಾಪಸ್. ‘ಆಮೇಲೆ ತಿಳಿಸುತ್ತೇವೆ’ ಎಂಬ ಉತ್ತರ ಬಂದರೆ ಹಣ ಕಟ್ಟುವುದನ್ನೂ ಆಮೇಲಕ್ಕೇ ಇಟ್ಟುಕೊಳ್ಳಿ.

— ಫ್ರೆಂಚ್ ಬೋಧಕರು ಮತ್ತು ವಿದ್ಯಾರ್ಥಿ ಸಲಹೆಗಾರರು, ಬೆಂಗಳೂರು